ಮುನ್ನುಡಿಯ ಕೆಳಗಿನ ತಾರೀಕು: ರಾಜಕಾರಣಿಗಳ ನೆನಪುಗಳನ್ನು ಓದುತ್ತ ಬಂದ ನನ್ನ ಅನುಭವ

ರಾಜಕಾರಣಿಯ ಆತ್ಮಕಥೆ ಕೈಗೆ ಬಂದರೆ ನಾನು ಮೊದಲು ಮುನ್ನುಡಿಯ ಕೆಳಗೆ ಹಾಕಿದ ತಾರೀಕು ನೋಡುತ್ತೇನೆ. ಆಮೇಲೆ ಅಚ್ಚಾದ ವರ್ಷ. ಅದಾದ ಮೇಲೆ ಎಷ್ಟನೇ ಮುದ್ರಣ ಅಂತ. ಮೊದಲ ಅಧ್ಯಾಯ ತೆಗೆಯುವುದು ಇಷ್ಟೆಲ್ಲ ಮುಗಿದ ಮೇಲೆಯೇ. ಧಾರವಾಡದಲ್ಲಿ ಇತಿಹಾಸ ಓದಿ, ಇಲ್ಲೇ ಪಾಠ ಹೇಳಿ, ಇಡೀ ನೌಕರಿಯ ಕಾಲವನ್ನು ಆತ್ಮಕಥೆ, ಜೀವನಚರಿತ್ರೆಗಳ ಜೊತೆ ಕಳೆದವನು ನಾನು. ಪಿಎಚ್.ಡಿ.ಗೆ ಬರುವ ಹುಡುಗ ಹುಡುಗಿಯರು ‘ಎಲ್ಲಿಂದ ಶುರು ಮಾಡೋದು ಸರ್?’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಾರೀಕು ಯಾಕೆ ಅಷ್ಟು ಮುಖ್ಯ? ಆಲೂರ ವೆಂಕಟರಾಯರ ‘ನನ್ನ ಜೀವನ ಸ್ಮೃತಿಗಳು’ ಬಂದದ್ದು 1941ರಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡದ ಊರುಗಳು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದವು. ಏಕೀಕರಣ ಆಗುತ್ತದೋ ಇಲ್ಲವೋ, ಬರೆಯುವಾಗ ಆಲೂರರಿಗೆ ಗೊತ್ತಿರಲಿಲ್ಲ. ಎಸ್. ನಿಜಲಿಂಗಪ್ಪನವರ ಇಂಗ್ಲಿಷ್ ಆತ್ಮಕಥೆ ಬಂದದ್ದು 2000ದಲ್ಲಿ. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿ ಆದವರು ಅವರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ರಾಷ್ಟ್ರೀಯ ಅಧ್ಯಕ್ಷರೂ ಅವರೇ. ಇಬ್ಬರೂ ಏಕೀಕರಣಕ್ಕೆ ದುಡಿದವರು. ಆದರೆ ಬರೆಯಲು ಕೂತಾಗ ಒಬ್ಬರಿಗೆ ಕಥೆಯ ಕೊನೆ ಗೊತ್ತಿಲ್ಲ, ಇನ್ನೊಬ್ಬರಿಗೆ ಗೊತ್ತು. ಕೊನೆ ಗೊತ್ತಿದ್ದಾಗ ದಾರಿಯಲ್ಲಿ ಬಂದ ಅನುಮಾನ, ಹಿಂಜರಿಕೆ, ಅರ್ಧಕ್ಕೆ ಬಿಟ್ಟ ಯೋಚನೆ ಎಲ್ಲ ತಾವಾಗಿಯೇ ಸಣ್ಣದಾಗುತ್ತವೆ. ಅದು ಸುಳ್ಳು ಹೇಳಿದ ಹಾಗಲ್ಲ. ನೆನಪಿನ ಸ್ವಭಾವವೇ ಹಾಗೆ. ಗೆಲ್ಲುತ್ತೇವೆ ಅನ್ನುವ ಖಾತ್ರಿ ಇಲ್ಲದ ಕಾಲದಲ್ಲಿ ಜನ ಹೇಗೆ ಯೋಚಿಸಿದರು ಅಂತ ತಿಳಿಯಬೇಕಾದಾಗ ನಾನು ಆಲೂರರ ಕಡೆ ಹೋಗುತ್ತೇನೆ. ರಾಜ್ಯ ನಡೆಸಿದವರು ಹಿಂತಿರುಗಿ ನೋಡಿದಾಗ ಏನನ್ನು ಮುಖ್ಯ ಅಂದುಕೊಂಡರು ಅನ್ನುವುದಕ್ಕೆ ನಿಜಲಿಂಗಪ್ಪನವರ ಕಡೆ.

ಇದೇ ಮಾತಿಗೆ ನಮ್ಮೂರಲ್ಲೇ ಇನ್ನೂ ಒಳ್ಳೆಯ ಉದಾಹರಣೆ ಇದೆ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಆಮೇಲೆ 1973ರವರೆಗೆ ಪಂಜಾಬಿನ ರಾಜ್ಯಪಾಲರು. ಶಿಕ್ಷಣದ ಆಡಳಿತದ ಬಗ್ಗೆ ಅವರ ನೆನಪುಗಳು ಅಚ್ಚಾದದ್ದು 1964ರಲ್ಲಿ, ಅಂದರೆ ಇನ್ನೂ ಕುಲಪತಿ ಆಗಿದ್ದಾಗ. ರಾಜ್ಯಪಾಲರಾಗಿದ್ದ ದಿನಗಳ ಪುಸ್ತಕ ಬಂದದ್ದು 1974ರಲ್ಲಿ, ಆ ಹುದ್ದೆ ಬಿಟ್ಟ ಮೇಲೆ. ಒಬ್ಬರೇ ಮನುಷ್ಯ, ಎರಡು ಪುಸ್ತಕ. ಒಂದು ಕುರ್ಚಿಯಲ್ಲಿ ಕೂತು ಬರೆದದ್ದು, ಇನ್ನೊಂದು ಇಳಿದ ಮೇಲೆ ಹೊರಗೆ ಬಂದದ್ದು. ನನ್ನ ವಿದ್ಯಾರ್ಥಿಗಳಿಗೆ ಇವೆರಡನ್ನೂ ಒಟ್ಟಿಗೆ ಓದಲು ಹೇಳುತ್ತೇನೆ. ಯಾರ ಹೆಸರನ್ನು ಎಲ್ಲಿ ಹೇಳಿದ್ದಾರೆ, ಎಲ್ಲಿ ಬರೀ ಹುದ್ದೆ ಹೇಳಿ ಮುಂದೆ ಹೋಗಿದ್ದಾರೆ ಅಂತ ಗುರುತು ಹಾಕಿಕೊಳ್ಳಿ ಅನ್ನುತ್ತೇನೆ.

ನಾನು ಪ್ರತಿ ಪುಸ್ತಕಕ್ಕೂ ಒಂದು ಉದ್ದ ಹಾಳೆ ಇಡುತ್ತೇನೆ. ನಾಲ್ಕು ಕಾಲಂ. ಘಟನೆ ನಡೆದ ದಿನ. ಅದನ್ನು ಬರೆದ ವರ್ಷ. ಬರೆಯುವಾಗ ಲೇಖಕರು ಯಾವ ಪಕ್ಷದಲ್ಲಿ, ಯಾವ ಹುದ್ದೆಯಲ್ಲಿ ಇದ್ದರು. ನಾಲ್ಕನೆಯದು, ಆ ಪುಟದಲ್ಲಿ ಬರುವ ಜನರಲ್ಲಿ ಆಗ ಯಾರು ಬದುಕಿದ್ದರು. ಈ ನಾಲ್ಕನೇ ಕಾಲಂ ತುಂಬಿಸುವುದು ಬಹಳ ಕಷ್ಟ. ಆದರೆ ಎಲ್ಲಕ್ಕಿಂತ ಜಾಸ್ತಿ ಕಲಿಸುವುದೂ ಅದೇ. ತೀರಿಹೋದವರ ಬಗ್ಗೆ ಜನ ಧೈರ್ಯವಾಗಿ ಬರೆಯುತ್ತಾರೆ. ಬದುಕಿರುವ ಗೆಳೆಯನ ಬಗ್ಗೆ ಮೃದುವಾಗಿ, ಬದುಕಿರುವ ಎದುರಾಳಿಯ ಬಗ್ಗೆ ಒಂದೇ ಸಾಲಿನಲ್ಲಿ. ಈ ಭಾಗದ ಒಬ್ಬ ಹಿರಿಯ ನಾಯಕರ ನೆನಪುಗಳ ಎರಡು ಮುದ್ರಣಗಳನ್ನು ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ಓದಿದ್ದೇನೆ. ಮೊದಲನೆಯದರಲ್ಲಿ ಅವರಿಗೂ ಅವರ ಎದುರಾಳಿಗೂ ನಡುವೆ ಆದ ಒಂದು ಟಿಕೆಟ್ ಹಂಚಿಕೆಯ ಪ್ರಸಂಗ ಒಂದೂವರೆ ಪುಟ ಇತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಒಂದು ಫೋಟೋ ಬಂದಿತ್ತು. ಫೋಟೋದಲ್ಲಿ ಆ ಇಬ್ಬರೂ ಒಂದೇ ವೇದಿಕೆಯ ಮೇಲೆ ಹಾರ ಹಾಕಿಕೊಂಡು ನಿಂತಿದ್ದರು. ನಡುವೆ ಇಬ್ಬರೂ ಒಂದೇ ಪಕ್ಷಕ್ಕೆ ಬಂದಿದ್ದರು. ಆ ಬೀಳಿಸಿದ ಒಂದೂವರೆ ಪುಟವೇ ನನಗೆ ಒಂದು ಇಡೀ ಲೇಖನ ಬರೆಸಿತು.

ಪತ್ರಿಕೆಗಳ ಹಳೆಯ ಸಂಪುಟ ಇಲ್ಲದೆ ಈ ಕೆಲಸ ಆಗುವುದಿಲ್ಲ. 1953ರ ಹುಬ್ಬಳ್ಳಿಯನ್ನೇ ತೆಗೆದುಕೊಳ್ಳಿ. ತೆಲುಗರಿಗೆ ಪ್ರತ್ಯೇಕ ಆಂಧ್ರ ರಾಜ್ಯ ಕೇಳಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಏಪ್ರಿಲ್‌ನಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ನಡೆದಾಗ ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಆ ದಿನ ತಾವೂ ಅಲ್ಲೇ ಇದ್ದೆವು ಅಂತ ನನ್ನೆದುರು ಹೇಳಿದ ಹಿರಿಯರು ಬಹಳ ಜನ. ಮುಂದೆ ರಾಜ್ಯ ಆಯಿತಲ್ಲ, ಆ ದಿನ ಅಲ್ಲಿರುವುದು ಹೆಮ್ಮೆಯ ವಿಷಯ ಆಯಿತು. ಆಗಿನ ಸಿಟ್ಟು ಕಾಂಗ್ರೆಸ್ ನಾಯಕರ ಮೇಲೇ ಇತ್ತು ಅನ್ನುವುದು ಮಾತ್ರ ಎಷ್ಟೋ ನೆನಪುಗಳಲ್ಲಿ ಹಿಂದೆ ಸರಿದಿದೆ. ಹಾಗಾಗಿ ಅವತ್ತಿನ ಪತ್ರಿಕೆ ತೆಗೆಯಬೇಕು. ಆದರೆ ಪತ್ರಿಕೆಯನ್ನೂ ಸುಮ್ನೆ ನಂಬುವ ಹಾಗಿಲ್ಲ. ‘ಸಂಯುಕ್ತ ಕರ್ನಾಟಕ’ವನ್ನು ಬೆಳೆಸಿದ ಆರ್.ಆರ್. ದಿವಾಕರರು ಕಾಂಗ್ರೆಸ್ಸಿನ ದೊಡ್ಡ ನಾಯಕರು, ಆ ವರ್ಷ ಬಿಹಾರದ ರಾಜ್ಯಪಾಲರು. ಅದಕ್ಕೇ ಮುಂಬಯಿಯ ಪತ್ರಿಕೆಗಳನ್ನೂ, ಸರ್ಕಾರಿ ಕಡತವನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಮುಂಬಯಿ ಕರ್ನಾಟಕದ ಚರಿತ್ರೆ ಬರೆಯುವವರು ಮುಂಬಯಿಯ ಪತ್ರಾಗಾರಕ್ಕೆ ಹೋಗದೆ ಗತಿ ಇಲ್ಲ.

ಇನ್ನೊಂದು ಉಪಯೋಗದ ಮಾತು. ‘ಗಾಂಧೀಜಿ ನಮ್ಮ ಮನೆಗೆ ಬಂದಿದ್ದರು’ ಅನ್ನುವ ಮನೆಗಳು ಧಾರವಾಡ, ಗದಗ, ಹಾವೇರಿ ಕಡೆ ಬೇಕಾದಷ್ಟು ಸಿಗುತ್ತವೆ. ಗಾಂಧೀಜಿಯವರ ಸಮಗ್ರ ಬರಹಗಳ ಇಂಗ್ಲಿಷ್ ಆವೃತ್ತಿ 100 ಸಂಪುಟಗಳಲ್ಲಿದೆ. ಸಂಪುಟದ ಕೊನೆಯಲ್ಲಿ ಅವರು ಯಾವ ದಿನ ಯಾವ ಊರಲ್ಲಿದ್ದರು ಅನ್ನುವ ದಿನಚರಿ ಇದೆ. ಅದನ್ನು ನೋಡಿಕೊಂಡು ಹೋದರೆ ಮಾತುಕತೆಗೆ ಒಂದು ಆಧಾರ ಸಿಗುತ್ತದೆ. ಆದರೆ ಆ ದಿನಚರಿ ಹಿಡಿದು ಅಜ್ಜನ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಗಾಂಧೀಜಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ನೋಡಿರಬಹುದು. ಮನೆಯಲ್ಲಿ ಐವತ್ತು ವರ್ಷ ಆ ಮಾತು ಆಡುತ್ತ ಆಡುತ್ತ ಸ್ಟೇಷನ್ ಮನೆ ಆಗಿರಬಹುದು. ಆ ಬದಲಾವಣೆ ಹೇಗಾಯಿತು ಅನ್ನುವುದೇ ನಮ್ಮ ವಿಷಯ.

ಪಿಂಚಣಿಯ ಅರ್ಜಿಗಳ ಬಗ್ಗೆ ಹೇಳಲೇಬೇಕು. ಇತಿಹಾಸದವರು ಇದನ್ನು ಸಾಕಷ್ಟು ಬಳಸಿಲ್ಲ ಅಂತ ನನಗೆ ಬೇಸರ. ಸ್ವಾತಂತ್ರ್ಯದ 25ನೇ ವರ್ಷಕ್ಕೆ, 1972ರಲ್ಲಿ, ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ತಂದಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿ ಇದ್ದದ್ದನ್ನು ತೋರಿಸಬೇಕು. 1980ರಿಂದ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮೂರು ತಿಂಗಳು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗಿದ್ದ ಕೈದಿಯ ಪ್ರಮಾಣಪತ್ರ ಬೇಕು. 1942ರಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಚಾವಡಿ ಸುಟ್ಟವರು, ತಂತಿ ಕಡಿದವರು, ಬೆಳಗಾವಿಯ ಹಿಂಡಲಗಾ ಜೈಲು ಕಂಡವರು ಮೂವತ್ತು ವರ್ಷ ಆದಮೇಲೆ ಮೊದಲ ಸಲ ತಮ್ಮ ಕಥೆ ಬರೆದದ್ದು ಈ ಅರ್ಜಿಯಲ್ಲಿ. ಪುಸ್ತಕ ಬರೆಯುವ ಜನ ಅಲ್ಲ ಅವರು. ಎಷ್ಟೋ ಜನರಿಗೆ ಅದೊಂದೇ ಆತ್ಮಕಥೆ. ಹೆಸರು, ಊರು, ಹಿಡಿದ ದಿನ, ಬಿಟ್ಟ ದಿನ. ನಾನು ಮಾತಾಡಿಸಿದ ಹಿರಿಯರಲ್ಲಿ ಕೆಲವರು ಉಳಿದದ್ದನ್ನೆಲ್ಲ ಮರೆತಿದ್ದರು. ಬಿಡುಗಡೆಯ ತಾರೀಕು ಮಾತ್ರ ಥಟ್ಟನೆ ಹೇಳುತ್ತಿದ್ದರು. ಕಚೇರಿಯವರು ಪದೇ ಪದೇ ಕೇಳಿದ್ದು ಅದನ್ನೇ ಅಲ್ವಾ?

ಮನೆಗೆ ಹೋಗಿ ಮಾತಾಡಿಸುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ. ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹಳೆಯ ಕಾರ್ಯಕರ್ತರು ಟ್ರಂಕಿನಿಂದ ತಮ್ಮ ಡೈರಿಗಳನ್ನು ತೆಗೆದು ಕೊಟ್ಟರು. ಬಟ್ಟೆ ಅಂಗಡಿಯವರು ಹಂಚುವ ಡೈರಿ. ಒಂದು ಪುಟದಲ್ಲಿ ಮೇಲೆ ಹಾಲಿನ ಲೆಕ್ಕ. ಕೆಳಗೆ ಮೆಣಸಿನಕಾಯಿ ಚೀಲ ಬ್ಯಾಡಗಿಗೆ ಕಳಿಸಿದ್ದು, ಬಂದ ದರ. ನಡುವೆ ಒಂದು ಸಾಲು, ಮಂತ್ರಿಗಳ ಜೀಪು ಬಂತು, ಊಟಕ್ಕೆ ಇಷ್ಟು ಜನ. ಆ ಮಂತ್ರಿಯ ಜೀವನಚರಿತ್ರೆಯಲ್ಲಿ ಅದೇ ಪ್ರವಾಸ ಒಂದು ಅಧ್ಯಾಯ ಆಗಿದೆ. ಊಟ ಹಾಕಿದವರ ಹೆಸರು ಅಲ್ಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಒಂದು ಚುನಾವಣೆ ಹಳ್ಳಿಯಲ್ಲಿ ಹೇಗೆ ನಡೆಯುತ್ತಿತ್ತು, ಅದರ ಖರ್ಚು ಯಾರ ಹೆಗಲಿಗೆ ಬೀಳುತ್ತಿತ್ತು ಅಂತ ನನಗೆ ಅರ್ಥ ಆಯಿತು. ಟಿಕೆಟ್ ತಪ್ಪಿದ ವರ್ಷದ ಡೈರಿ ತೆಗೆದಾಗ ಅವರು ಪುಟದ ಮೇಲೆ ಕೈ ಇಟ್ಟರು.

‘ಇದೊಂದು ಬರೀಬ್ಯಾಡ್ರಿ ಮಾಸ್ತರ. ಅವರ ಮಕ್ಕಳು ಇನ್ನೂ ಅದಾರ, ಲಗ್ನ ಮುಂಜಿವಿಗೆ ಹೋಗಿ ಬಂದು ಮಾಡ್ತೇವಿ.’

‘ಬರೆಯಂಗಿಲ್ರಿ ಅಜ್ಜಾರ’ ಅಂದೆ. ಬರೆದಿಲ್ಲ. ಬರೆಯದಿದ್ದರೂ ಅದು ಗೊತ್ತಿರುವುದರಿಂದ ಉಳಿದ ಪುಟಗಳನ್ನು ಸರಿಯಾಗಿ ಓದಲು ಸಾಧ್ಯವಾಯಿತು. ಕೊಟ್ಟ ಮಾತು ಮುರಿದರೆ ಆ ಮನೆಯಷ್ಟೇ ಅಲ್ಲ, ಆ ಇಡೀ ಭಾಗದ ಟ್ರಂಕುಗಳು ನಮ್ಮ ಹಿಂದೆ ಬರುವವರಿಗೆಲ್ಲ ಮುಚ್ಚಿಹೋಗುತ್ತವೆ.

ಅಭಿನಂದನ ಗ್ರಂಥಗಳನ್ನು ಕಂಡರೆ ಸಂಶೋಧಕರು ಮೂಗು ಮುರಿಯುತ್ತಾರೆ. ಬರೀ ಹೊಗಳಿಕೆ, ಏನಿದೆ ಅದರಲ್ಲಿ ಅಂತ. ನಾನು ಒಂದನ್ನೂ ಬಿಡುವುದಿಲ್ಲ. ಲೇಖನಗಳನ್ನು ಆಮೇಲೆ ಓದಿ. ಮೊದಲು ಸಮಿತಿಯ ಪಟ್ಟಿ ನೋಡಿ, ಹಿಂದಿನ ಜಾಹೀರಾತುಗಳನ್ನು ನೋಡಿ. ಯಾವ ಸೊಸಾಯಿಟಿ ಇಡೀ ಪುಟ ಕೊಟ್ಟಿದೆ, ಯಾವುದು ಕಾಲು ಪುಟ, ಯಾವ ಗಿರಣಿ, ಯಾವ ಗುತ್ತಿಗೆದಾರರು. ಗದಗ ಸೀಮೆಯ ರಾಜಕಾರಣಕ್ಕಂತೂ ಇದು ತುಂಬ ಬೇಕು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಶುರುವಾದ ನಾಡು ಅದು. ಹುಲಕೋಟಿಯ ಕೆ.ಎಚ್. ಪಾಟೀಲರಂಥವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ವಿಧಾನಸಭೆಯ ಭಾಷಣ ಸಾಲದು, ಸೊಸಾಯಿಟಿಗಳ ಠರಾವು ಪುಸ್ತಕ ಓದಬೇಕು. ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಅನ್ನುವ ಆ ಎರಡು ಸಾಲುಗಳಲ್ಲಿ ಗುಂಪುಗಾರಿಕೆ ಸ್ಪಷ್ಟವಾಗಿ ಕಾಣುತ್ತದೆ.

ಭಾಷೆಯ ವಿಷಯದಲ್ಲಿ ಮೈಗಳ್ಳತನ ಮಾಡಬೇಡಿ. ಕರ್ನಾಟಕದ ಸಿಂಹ ಅನ್ನಿಸಿಕೊಂಡ ಗಂಗಾಧರರಾವ ದೇಶಪಾಂಡೆಯವರು ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಹುಬ್ಬಳ್ಳಿಯಲ್ಲಿ ನೆಲೆ ಮಾಡಿಕೊಂಡು ಕಾಂಗ್ರೆಸ್ಸಿನ ಸ್ವಯಂಸೇವಕರ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರರ ಕಾಗದಪತ್ರಗಳು ದೆಹಲಿಯ ತೀನ್ ಮೂರ್ತಿಯ ಗ್ರಂಥಾಲಯದಲ್ಲಿವೆ. ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ, ಕಾಗದಗಳು ಕಟ್ಟು ಕಟ್ಟು ಸಿಗುತ್ತವೆ. ಮರಾಠಿ ಓದಲು ಕಲಿಯಿರಿ. ಮೋಡಿಯನ್ನೂ ಕಲಿಯಿರಿ.

ಏನೂ ಬರೆಯದೆ ಹೋದವರ ಚಿಂತೆ ನನ್ನನ್ನು ಯಾವಾಗಲೂ ಕಾಡುತ್ತದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 31. ಅವರ ಬಗ್ಗೆ ಇರುವುದೆಲ್ಲ ಬೇರೆಯವರು ಬರೆದದ್ದು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಭಗಿನಿ ಮಂಡಳ ಕಟ್ಟಿದರು, ಸೇವಾದಳದ ಮಹಿಳಾ ವಿಭಾಗ ನಡೆಸಿದರು, ಜೈಲಿಗೆ ಹೋದರು. ಅವರ ಬಗ್ಗೆ ತಿಳಿಯಲು ಗಂಡಸರ ಆತ್ಮಕಥೆಗಳ ಸಂದುಗೊಂದಿನಲ್ಲಿ ಹುಡುಕಬೇಕು. ನಾನು ಹೆಣ್ಣುಮಕ್ಕಳ ಹೆಸರು ಬರುವ ಪ್ರತಿ ಸಾಲನ್ನೂ ಬೇರೆ ಕಾರ್ಡಿಗೆ ಇಳಿಸಿಕೊಳ್ಳುತ್ತ ಬಂದಿದ್ದೇನೆ. ಚಹಾ ಕೊಟ್ಟರು, ಖಾದಿ ಮಾರಿದರು, ಗುಟ್ಟಿನ ಪತ್ರ ಮುಟ್ಟಿಸಿದರು ಅಂತ ಒಂದೊಂದೇ ಸಾಲು. ಹತ್ತಾರು ಪುಸ್ತಕಗಳಿಂದ ಕೂಡಿಸಿದಾಗ ಒಬ್ಬೊಬ್ಬರ ಕೆಲಸ ಎದ್ದು ಕಾಣುತ್ತದೆ. ಈಗ ನನ್ನ ಇಬ್ಬರು ವಿದ್ಯಾರ್ಥಿನಿಯರು ಆ ಕಾರ್ಡುಗಳನ್ನು ಮುಂದುವರಿಸುತ್ತಿದ್ದಾರೆ. ಅದು ನನಗೆ ದೊಡ್ಡ ಸಂತೋಷ.

ಓದುವವರ ಹತ್ತಿರ ಒಂದು ಕೋರಿಕೆ ಇದೆ. ಮನೆ ಕೆಡವುವಾಗ, ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಡೈರಿ, ಕರಪತ್ರ, ಪಕ್ಷದ ರಸೀದಿ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಳ್ಳಿ, ಆದರೆ ಪುಟಗಳ ಕ್ರಮ ತಪ್ಪದ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗುಂಪಿನ ಫೋಟೋ ಇದ್ದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಯಾರ್ಯಾರು, ಯಾವ ಊರು, ಯಾವ ವರ್ಷ ಅಂತ ಕೇಳಿ. ಹಿಂದೆ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಈಚೆ ಮೂಡುತ್ತದೆ.