ಡೆಸ್ಕ್‌ಟಾಪ್‌ಗೆ ಟಚ್‌ಸ್ಕ್ರೀನ್ ಬೇಕಾ? ಮೊದಲು ಭುಜವನ್ನು ಕೇಳಿ

ಟಚ್ ಮಾನಿಟರ್ ಕೊಳ್ಳುವ ಆಸೆಯೇ? ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಈಗಿರುವ ಮಾನಿಟರ್ ಮುಂದೆ ಎಂದಿನಂತೆ ಕೂತುಕೊಳ್ಳಿ. ಕ್ಲಿಕ್ ಮಾಡಬೇಕಾದಾಗಲೆಲ್ಲ ಮೊದಲು ಕೈ ಚಾಚಿ ಆ ಜಾಗವನ್ನು ಬೆರಳಿನಿಂದ ಮುಟ್ಟಿ, ಆಮೇಲೆ ಮೌಸ್ ಒತ್ತಿ. ಹದಿನೈದು ನಿಮಿಷ ಸಾಕು. ಭುಜ ತಾನೇ ಉತ್ತರ ಹೇಳುತ್ತದೆ.

ಈ ತೊಂದರೆ ಹಳೆಯದು. ಎಚ್‌ಪಿ ಕಂಪನಿ 1983ರಲ್ಲೇ ಎಚ್‌ಪಿ-150 ಎಂಬ ಟಚ್ ಡೆಸ್ಕ್‌ಟಾಪ್ ತಂದಿತ್ತು. ಗಾಳಿಯಲ್ಲಿ ಚಾಚಿದ ತೋಳು ಸೋತು ಭಾರವಾಗುವುದಕ್ಕೆ 'ಗೊರಿಲ್ಲಾ ಆರ್ಮ್' ಎಂಬ ಹೆಸರೇ ಬಿದ್ದಿದೆ. ನೆಟ್ಟಗೆ ನಿಂತ ಪರದೆಗೆ ಟಚ್ ಒಗ್ಗುವುದಿಲ್ಲ ಎಂದು 2010ರಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹೇಳಿದ್ದೂ ಇದೇ ಕಾರಣಕ್ಕೆ.

ಹಾಗಂತ ಟಚ್ ಬೇಡವೇ ಬೇಡ ಅಂತಲ್ಲ. ಪರದೆ ನಿಲ್ಲಿಸುವ ರೀತಿ ಬದಲಾಗಬೇಕು. ಅದನ್ನು ಹತ್ತಿರಕ್ಕೆ ಎಳೆದು, ಕೆಳಗಿಳಿಸಿ, ಹಿಂದಕ್ಕೆ ವಾಲಿಸಿ. ಮೊಣಕೈ ಮೇಜಿನ ಮೇಲೇ ಇದ್ದು ಬೆರಳು ಪರದೆಗೆ ಎಟುಕಬೇಕು. 2016ರಲ್ಲಿ ಬಂದ ಮೈಕ್ರೋಸಾಫ್ಟ್ ಸರ್ಫೇಸ್ ಸ್ಟುಡಿಯೋದ 28 ಇಂಚಿನ ಪರದೆ ಮೇಜಿಗೆ 20 ಡಿಗ್ರಿ ಕೋನದಷ್ಟು ಓರೆಯಾಗುವವರೆಗೆ ಮಲಗುತ್ತಿತ್ತು. ಚಿತ್ರ ಬಿಡಿಸುವವರಿಗೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ವಾಲಿಸಿದರೆ ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೆಯುತ್ತದೆ, ಜಾಸ್ತಿ ಹೊತ್ತು ಬಗ್ಗಿ ನೋಡಿದರೆ ಕತ್ತು ನೋಯುತ್ತದೆ. ಹಾಗಾಗಿ ಸುಲಭವಾಗಿ ಏರಿಸಿ ಇಳಿಸಬಹುದಾದ ಸ್ಟ್ಯಾಂಡ್ ಇರಲಿ. ಅಂಗಡಿಯಲ್ಲೇ ಬೆರಳಿನಿಂದ ಒತ್ತಿ ನೋಡಿ. ಮಾನಿಟರ್ ಅಲುಗಾಡಿದರೆ ಅದನ್ನು ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಎಡವುವುದು ಕೇಬಲ್‌ನಲ್ಲಿ. ಎಚ್‌ಡಿಎಂಐ ಕೇಬಲ್ ಚಿತ್ರ, ಧ್ವನಿಗಳನ್ನು ಒಯ್ಯುತ್ತದೆ, ಸ್ಪರ್ಶವನ್ನಲ್ಲ. ಬೆರಳಿನ ಸುದ್ದಿ ಕಂಪ್ಯೂಟರ್‌ಗೆ ಮುಟ್ಟಲು ಯುಎಸ್‌ಬಿ ಕೇಬಲ್ಲೂ ಬೇಕು. ಎರಡು ಮಾನಿಟರ್ ಇದ್ದಾಗ ಒಂದನ್ನು ಮುಟ್ಟಿದರೆ ಇನ್ನೊಂದರಲ್ಲಿ ಕ್ಲಿಕ್ ಆಗುವುದೂ ಉಂಟು. ಗಾಬರಿ ಬೇಡ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆರೆದು, ಸೆಟಪ್ ಒತ್ತಿ, ಯಾವುದು ಟಚ್ ಪರದೆ ಎಂದು ಮುಟ್ಟಿ ತೋರಿಸಿ.

ಇನ್ನು ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ ಅನ್ನು, ಅಂದರೆ ಅಕ್ಷರ, ಗುಂಡಿಗಳ ಗಾತ್ರವನ್ನು, ಶೇಕಡಾ 125 ಅಥವಾ 150ಕ್ಕೆ ಏರಿಸಿ. ಮೌಸ್‌ನ ಬಾಣದ ತುದಿಗೆಂದು ಮಾಡಿದ ಗುಂಡಿಗಳು ಬೆರಳಿಗೆ ತೀರಾ ಚಿಕ್ಕವು, ಅಲ್ವಾ? ರೈಟ್ ಕ್ಲಿಕ್ ಬೇಕಾದರೆ ಬೆರಳನ್ನು ಒತ್ತಿ ಹಿಡಿದು ಬಿಡಿ.

ಮೌಸ್, ಕೀಬೋರ್ಡ್ ಎರಡೂ ಅಲ್ಲೇ ಇರಲಿ. ಎಕ್ಸೆಲ್ ಲೆಕ್ಕ, ಉದ್ದದ ಬರಹ ಅವಕ್ಕೇ ಸೇರಿದ್ದು. ನಕ್ಷೆ ಹಿಗ್ಗಿಸುವುದು, ಫೋಟೋ ತಿರುವುವುದು, ಅಂಗಡಿ ಕೌಂಟರ್‌ನಲ್ಲಿ ನಿಂತೇ ಬಿಲ್ ಹಾಕುವುದು, ಇವು ಬೆರಳಿನ ಕೆಲಸ. ಕೀಬೋರ್ಡ್ ರೂಢಿಯಿಲ್ಲದ ಹಿರಿಯರು ಮನೆಯಲ್ಲಿದ್ದರೆ ವಿಂಡೋಸ್‌ಗೆ ಕನ್ನಡ ಭಾಷೆ ಸೇರಿಸಿ, ಟಾಸ್ಕ್‌ಬಾರ್‌ನಲ್ಲಿ ಟಚ್ ಕೀಬೋರ್ಡ್ ಇಟ್ಟುಕೊಡಿ. ಕನ್ನಡ ಅಕ್ಷರಗಳನ್ನು ಕಣ್ಣಿಂದ ನೋಡಿ ಮುಟ್ಟುವುದು ಅವರಿಗೆ ಬಲು ಹಿತ.

ಬೆರಳ ಗುರುತು ಒರೆಸುವ ಮುಂಚೆ ಮಾನಿಟರ್ ಆಫ್ ಮಾಡಿ. ಇಲ್ಲದಿದ್ದರೆ ಒರೆಸುವಾಗ ಫೈಲೇ ಅಳಿಸಿಹೋದೀತು. ಮೈಕ್ರೋಫೈಬರ್ ಬಟ್ಟೆಯನ್ನು ಚೂರು ಒದ್ದೆ ಮಾಡಿಕೊಳ್ಳಿ, ನೀರನ್ನು ಪರದೆಯ ಮೇಲೆ ನೇರವಾಗಿ ಚಿಮುಕಿಸಬೇಡಿ.