ಚಳಿಗಾಲದಲ್ಲಿ ಸಸಿ ನೆಡಬೇಡಿ, ಲಂಟಾನ ಕೀಳಿ

ಸುಗ್ಗಿಯ ಹಬ್ಬ ಪುತ್ತರಿ ಮುಗಿದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಕೊಡಗಿನಲ್ಲಿ ಕಾಡಿನ ಕೆಲಸಕ್ಕೆ ಒಳ್ಳೆಯ ದಿನಗಳು ಬರುತ್ತವೆ. ಜಿಗಣೆಯ ಕಾಟ ಇಳಿದಿರುತ್ತದೆ. ಮಣ್ಣಿನಲ್ಲಿ ಇನ್ನೂ ಪಸೆ ಇರುವುದರಿಂದ ಬೇರು ಸಲೀಸಾಗಿ ಬಿಡುತ್ತದೆ. ಇದೇ ಹೊತ್ತಿನಲ್ಲಿ ಶಾಲೆಗಳು, ಯುವಕ ಸಂಘಗಳು ಸಸಿಗಳ ಟ್ರೇ ಹೊತ್ತು ಹೊರಡುವುದನ್ನು ಕಾಣುತ್ತೇವೆ. ದಯವಿಟ್ಟು ಈಗ ನೆಡಬೇಡಿ. ಡಿಸೆಂಬರ್‌ನಲ್ಲಿ ನೆಟ್ಟ ಸಸಿ ಮುಂಗಾರಿಗಾಗಿ ಜೂನ್‌ವರೆಗೆ ಕಾಯಬೇಕು. ನಡುವೆ ಬಿದ್ದು ಕಾಫಿ ಹೂ ಅರಳಿಸುವ ಹೂಮಳೆ ಕಾಫಿಗೆ ಸಾಕಾದೀತು, ಎಳೆಯ ಬೇರಿಗೆ ಸಾಲದು. ಚಳಿಗಾಲದ ಕೆಲಸವೇ ಬೇರೆ: ಲಂಟಾನದಂತಹ ಕಳೆಯ ಅಡಿಯಲ್ಲಿ ತಾನಾಗಿಯೇ ಹುಟ್ಟಿ ಉಸಿರುಕಟ್ಟಿ ನಿಂತಿರುವ ಕಾಡಿನ ಸಸಿಗೆ ಬೆಳಕು ಮತ್ತು ಜಾಗ ಮಾಡಿಕೊಡುವುದು. ಅದನ್ನು ತಂಡವಾಗಿ ಮಾಡುವ ಬಗೆ ಹೀಗೆ.

ಮೊದಲು ಅನುಮತಿ

ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯಂತಹ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕಳೆ ಕೀಳಲೆಂದೇ ಹೋದರೂ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ದೇವರಕಾಡಿನಲ್ಲಾದರೆ ಸಮಿತಿ ಮತ್ತು ಊರಿನ ಮುಖ್ಯಸ್ಥರಾದ ತಕ್ಕರ ಒಪ್ಪಿಗೆಯೂ ಜೊತೆಗಿರಲಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಕಟ್ಟುಪಾಡು ಊರಿಂದ ಊರಿಗೆ ಬೇರೆ. ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಕತ್ತಿ ಆಡಿಸಬಾರದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಬೆಟ್ಟದ ನೆತ್ತಿಯ ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿಯಬೇಡಿ. ತಡಿಯಂಡಮೋಳ್, ಪುಷ್ಪಗಿರಿಯ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಸೇರಿಯೇ ಒಂದು ವ್ಯವಸ್ಥೆ. ಅಲ್ಲಿ ಕಳೆ ತೆಗೆಯಬಹುದು, ಮರ ಬೆಳೆಸಲು ಹೊರಡಬಾರದು.

ತಂಡ ಕಟ್ಟುವಾಗ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯದ ಅನುಭವಿಗಳನ್ನು ಕರೆಯಿರಿ. ಆನೆಯ ಹೆಜ್ಜೆ ಎಷ್ಟು ಹಳೆಯದು, ಯಾವ ಎಳೆಚಿಗುರು ಯಾವ ಮರದ್ದು ಎಂದು ಅವರಷ್ಟು ಬೇಗ ಹೇಳುವವರು ಕಡಿಮೆ. ಕಾಫಿ ಕೊಯ್ಲಿನ ಕಾಲದಲ್ಲಿ ಅವರ ಒಂದು ದಿನಕ್ಕೆ ಬೆಲೆಯಿದೆ, ತೋಟದಲ್ಲಿ ಸಿಗುವ ಕೂಲಿಗಿಂತ ಕಡಿಮೆ ಕೊಡುವುದು ತಪ್ಪು. ಸ್ವಯಂಸೇವೆಯ ಹೆಸರಿನಲ್ಲಿ ಅವರನ್ನು ಪುಕ್ಕಟೆ ದುಡಿಸುವುದು ಇನ್ನೂ ದೊಡ್ಡ ತಪ್ಪು.

ಒಂಬತ್ತಕ್ಕೆ ಮುಂಚೆ ಒಳಗೆ ಹೋಗಬೇಡಿ

ಬೇಗ ಶುರು ಮಾಡಿ ಬೇಗ ಮುಗಿಸೋಣ ಎಂಬುದು ತೋಟದ ರೂಢಿ. ಕಾಡಿನಂಚಿನಲ್ಲಿ ಅದು ಸಲ್ಲದು. ಮಂಜು ಕವಿದಾಗ ಹತ್ತು ಮಾರು ಆಚೆಗೆ ಏನಿದೆ ಎಂದು ತಿಳಿಯುವುದಿಲ್ಲ. ರಾತ್ರಿ ತೋಟಕ್ಕಿಳಿದ ಆನೆಗಳು ಕಾಡಿಗೆ ಮರಳುವ ಹೊತ್ತೂ ಅದೇ. ಹಿಂದಿನ ಸಂಜೆಯೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಅಥವಾ ಆನೆ ಕಾರ್ಯಪಡೆಗೆ ಕರೆ ಮಾಡಿ ಹಿಂಡು ಎಲ್ಲಿದೆ ಎಂದು ವಿಚಾರಿಸಿ. ಬಿಸಿಲೇರಿ ಮಂಜು ಕರಗಿದ ಮೇಲೆ, ಸುಮಾರು ಒಂಬತ್ತಕ್ಕೆ, ಅನುಭವಿಯೊಬ್ಬರನ್ನು ಮುಂದಿಟ್ಟುಕೊಂಡು ಒಳಗೆ ಹೋಗಿ. ಮೂರೂವರೆಗೆ ಕೆಲಸ ನಿಲ್ಲಿಸಿ. ಇನ್ನೊಂದು ಪೊದೆ ಮುಗಿಸಿಬಿಡೋಣ ಎಂಬ ಮಾತಿಗೆ ಕಿವಿಗೊಡಬೇಡಿ.

ಮೈಮೇಲೆ ಏನಿರಬೇಕು

ಮಡಿಕೇರಿಯ ಕಡೆ ಜನವರಿಯ ಮುಂಜಾನೆ ಉಷ್ಣಾಂಶ 14 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಮಧ್ಯಾಹ್ನ 25 ದಾಟಬಹುದು. ಆದ್ದರಿಂದ ಒಂದು ದಪ್ಪ ಜಾಕೆಟ್‌ಗಿಂತ ಒಂದರ ಮೇಲೊಂದು ತೆಳುವಾದ ಬಟ್ಟೆ ಒಳ್ಳೆಯದು. ಕೆಲಸಕ್ಕೆ ಕೈ ಹಚ್ಚುವ ಮೊದಲೇ, ಇನ್ನೂ ಸ್ವಲ್ಪ ಚಳಿ ಇರುವಾಗಲೇ, ಸ್ವೆಟರ್ ತೆಗೆದಿಡಿ. ಬೆವರಿನಲ್ಲಿ ಒದ್ದೆಯಾದ ಹತ್ತಿ ಅಂಗಿ ವಿಶ್ರಾಂತಿಗೆ ಕುಳಿತಾಗ ಮೈ ನಡುಗಿಸುತ್ತದೆ. ಒಣಗಿದ ಅಂಗಿಯೊಂದು ಚೀಲದಲ್ಲಿರಲಿ. ಹುಲ್ಲಿನ ಇಬ್ಬನಿ ಮೊಣಕಾಲಿನವರೆಗೂ ನೆನೆಸುವುದರಿಂದ ಗಮ್ ಬೂಟ್ ಬೇಕೇ ಬೇಕು. ಲಂಟಾನದ ಮುಳ್ಳಿಗೆ ಬಟ್ಟೆಯ ಗ್ಲೌಸ್ ಏನೂ ಅಲ್ಲ, ಚರ್ಮದ್ದನ್ನೇ ತನ್ನಿ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣಗಾಳಿ ಮೈಯ ನೀರು ಹೀರುತ್ತಲೇ ಇರುತ್ತದೆ. ಗಂಟೆಗೊಮ್ಮೆ ಎಲ್ಲರನ್ನೂ ನಿಲ್ಲಿಸಿ ನೀರು ಕುಡಿಸುವ ಜವಾಬ್ದಾರಿ ಒಬ್ಬರಿಗೆ ಇರಲಿ. ಅಕ್ಕಿ ರೊಟ್ಟಿ, ಚಟ್ನಿ, ಫ್ಲಾಸ್ಕ್‌ನಲ್ಲಿ ಬೆಲ್ಲದ ಕಾಫಿ ಇದ್ದರೆ ಮಧ್ಯಾಹ್ನಕ್ಕೆ ಧಾರಾಳ. ಉಳಿದ ಅನ್ನ, ಹಣ್ಣಿನ ಸಿಪ್ಪೆ ಎಲ್ಲವೂ ನಿಮ್ಮೊಂದಿಗೇ ವಾಪಸ್ ಬರಬೇಕು.

ಕೀಳುವ ಮುನ್ನ ಗುರುತು

ಕತ್ತಿ ಹಿಡಿಯುವ ಮೊದಲು ಅರ್ಧ ಗಂಟೆ ಬರಿಗೈಯಲ್ಲಿ ಪೊದೆಯ ಅಂಚಿನಲ್ಲಿ ಬಗ್ಗಿ ನೋಡಿ. ನಂದಿ, ಮತ್ತಿ, ಹೊನ್ನೆ, ನೇರಳೆ, ಬೀಟೆಯ ಸಸಿಗಳು ಗೇಣುದ್ದ ಬೆಳೆದು ಲಂಟಾನದ ಕೆಳಗೆ ಅವಿತಿರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಎದೆಮಟ್ಟದ ಕೋಲು ನೆಟ್ಟು ತುದಿಗೆ ಬಣ್ಣದ ಬಟ್ಟೆ ಕಟ್ಟಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗುವ ತಂಡ ಸಂಜೆಗೆ ಕಳೆಯ ಜೊತೆ ಕಾಡನ್ನೂ ಕಡಿದು ಬಂದಿರುತ್ತದೆ. ನರ್ಸರಿಯ ಸಸಿಗೆ ಇಲ್ಲದ ಬಲ ಇವಕ್ಕಿದೆ: ಈ ಮಣ್ಣಿನಲ್ಲೇ ಹುಟ್ಟಿ, ಈ ನೆರಳಿನಲ್ಲೇ ಬೇರು ಬಿಟ್ಟು, ಒಂದೆರಡು ಬೇಸಿಗೆ ದಾಟಿದವು ಇವು.

ಬೇರಿನ ಕುತ್ತಿಗೆಯ ಕೆಳಗೆ ಕತ್ತರಿಸಿ

ಲಂಟಾನವನ್ನು ನೆಲಮಟ್ಟಕ್ಕೆ ಸವರಿದರೆ ಅದು ಇನ್ನಷ್ಟು ಕವಲೊಡೆದು ಚಿಗುರುತ್ತದೆ. ವರ್ಷ ವರ್ಷ ಸವರಿ ಹಣ ಕಳೆದ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಮೀಸಲಿನಲ್ಲಿ ಬಳಸಿ ತೋರಿಸಿದ ವಿಧಾನ ಸರಳವಾಗಿದೆ. ಬುಡದ ಮಣ್ಣನ್ನು ಗುದ್ದಲಿಯಿಂದ ಬಿಡಿಸಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ. ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಭಾಗದಿಂದ. ಅದು ನೆಲದಲ್ಲಿ ಉಳಿಯಬಾರದು. ಇಬ್ಬರು ಮೂವರು ಸೇರಿ ಇಡೀ ಪೊದೆಯನ್ನು ಎತ್ತಿ ಬೇರು ಮೇಲಾಗುವಂತೆ ತಲೆಕೆಳಗಾಗಿಸಿ. ಮಗುಚಿದ ಬುಡ ಮಣ್ಣು ಮುಟ್ಟದೆ ಬಿಸಿಲಿಗೆ ಒಣಗುತ್ತದೆ.

ಯಾವಾಗಲೂ ಹೊರ ಅಂಚಿನಿಂದ ಒಳಕ್ಕೆ ಹೋಗಿ, ಮಾತನಾಡುತ್ತಾ, ಕಡ್ಡಿ ಬಡಿಯುತ್ತಾ. ಪೊದೆಯೊಳಗೆ ಮಲಗಿದ ಹಂದಿಗೋ ಆನೆಗೋ ಇನ್ನೊಂದು ಬದಿಯಿಂದ ಹೊರಡಲು ದಾರಿ ಇರಬೇಕು. ಇಬ್ಬರ ನಡುವೆ ಕತ್ತಿಯ ಬೀಸು ತಾಗದಷ್ಟು ಅಂತರವಿರಲಿ. ಇಳಿಜಾರಿನಲ್ಲಿ ಒಬ್ಬರ ನೇರ ಮೇಲೆ ಇನ್ನೊಬ್ಬರು ನಿಲ್ಲಬಾರದು. ಕಡಿದಾದ ಜಾಗವನ್ನು ಒಂದೇ ಸಲ ಬೋಳು ಮಾಡಬೇಡಿ. ಅಡ್ಡಡ್ಡ ಪಟ್ಟಿಗಳಲ್ಲಿ ತೆಗೆದು ನಡುವಿನದ್ದನ್ನು ಮುಂದಿನ ವರ್ಷಕ್ಕೆ ಬಿಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಂ ಚಳಿಗಾಲದಲ್ಲಿ ಹೂ ಬಿಟ್ಟು ಬೇಸಿಗೆಯ ಹೊತ್ತಿಗೆ ಗಾಳಿಯಲ್ಲಿ ಬೀಜ ತೂರುತ್ತದೆ. ಹೂ ಬಿಳಿಚಿ ಹತ್ತಿಯಂತಾಗುವ ಮೊದಲೇ ಬೇರುಸಹಿತ ಕಿತ್ತರೆ ಮುಂದಿನ ವರ್ಷದ ಅರ್ಧ ಕೆಲಸ ಮುಗಿದಂತೆ. ನಾಗರಹೊಳೆಯ ಕಡೆ ಹಬ್ಬಿರುವ ಹಳದಿ ಹೂವಿನ ಸೆನ್ನಾ ಮರ ಬೇರೆ ಜಾತಿಯ ಹಟಮಾರಿ. ಕಡಿದರೆ ಬುಡದಿಂದ ಹತ್ತಾರು ಚಿಗುರೊಡೆಯುತ್ತದೆ. ಎಳೆಯದನ್ನು ಬೇರುಸಹಿತ ಕೀಳಬೇಕು. ಬೆಳೆದ ಮರದ ತೊಗಟೆ ಸುಲಿದು ಒಣಗಿಸುವ ಕೆಲಸವನ್ನು ಇಲಾಖೆಯ ಮಾರ್ಗದರ್ಶನವಿಲ್ಲದೆ ಮಾಡಬೇಡಿ.

ಕಿತ್ತ ರಾಶಿಗೆ ಬೆಂಕಿ ಹಚ್ಚುವಂತಿಲ್ಲ. ಫೆಬ್ರವರಿಯಿಂದ ಕಾಡ್ಗಿಚ್ಚಿನ ಕಾಲ. ರಾಶಿಯನ್ನು ಮರದ ಬುಡದಿಂದಲೂ ಕಾಲುದಾರಿಯಿಂದಲೂ ದೂರದಲ್ಲಿ, ಇಳಿಜಾರಿಗೆ ಅಡ್ಡವಾಗಿ ಹರಡಿ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ಅದೇ ತಡೆಯುತ್ತದೆ. ಉದ್ದನೆಯ ಕಡ್ಡಿಗಳಿಂದ ಪೀಠೋಪಕರಣ ಮಾಡುವ ಕಸುಬು ಮಲೆ ಮಹದೇಶ್ವರ ಬೆಟ್ಟದ ಸೋಲಿಗರಲ್ಲಿದೆ. ಇಲಾಖೆ ಒಪ್ಪಿದರೆ ಇಲ್ಲಿಯೂ ಆಗಬಹುದಾದ ಕೆಲಸ.

ಉಣುಗು, ಹೆಜ್ಜೇನು, ಹಾವು

ಜಿಗಣೆ ಹೋಯಿತೆಂದು ಸಮಾಧಾನಪಡುವ ಹೊತ್ತಿಗೆ ಉಣುಗಿನ ಕಾಲ ಬಂದಿರುತ್ತದೆ. ಪಶ್ಚಿಮ ಘಟ್ಟದಲ್ಲಿ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಪ್ಯಾಂಟನ್ನು ಸಾಕ್ಸ್‌ನೊಳಗೆ ತುರುಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕಿದರೆ ಹಚ್ಚಿಕೊಳ್ಳಿ. ಸಂಜೆ ಮನೆಗೆ ಹೋದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಹೆಜ್ಜೇನು ಕಟ್ಟಿದ ಮರದ ಸುತ್ತ ಅಂದಿನ ಮಟ್ಟಿಗೆ ಕೆಲಸ ಬೇಡ. ಹಾವುಗಳು ಮೈ ಕಾಯಿಸಲು ಬಿಸಿಲು ಬಿದ್ದ ಬಂಡೆ, ಒಣ ರಾಶಿಯ ಮೇಲೆ ಬರುತ್ತವೆ, ಚಳಿಯಲ್ಲಿ ಬೇಗ ಸರಿಯುವುದೂ ಇಲ್ಲ. ಕೈ ಹಾಕುವ ಮೊದಲು ಕೋಲು ಹಾಕಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಬೆಳಗ್ಗೆಯೇ ನೋಡಿಟ್ಟುಕೊಂಡು, 108 ಆಂಬುಲೆನ್ಸ್ ಬರಬಹುದಾದ ರಸ್ತೆ ತಲೆಯನ್ನು ಎಲ್ಲರಿಗೂ ತೋರಿಸಿ.

ಬೀಜ ಮತ್ತು ಮುಂದಿನ ತಾರೀಕು

ತಾರೆ, ನೆಲ್ಲಿ, ಬೀಟೆ, ಹೊನ್ನೆಯ ಕಾಯಿಗಳು ಬಲಿಯುವುದು ಈ ಕಾಲದಲ್ಲಿ. ತೋಟದ, ರಸ್ತೆಬದಿಯ ಮರಗಳ ಕೆಳಗೆ ಬಿದ್ದದ್ದನ್ನು ಆರಿಸಿ ಒಣಗಿಸಿ ಬಟ್ಟೆಯ ಚೀಲದಲ್ಲಿಟ್ಟರೆ ನರ್ಸರಿಗೆ ಆಗುತ್ತವೆ. ಒಂದೇ ಮರದ್ದನ್ನೇ ತುಂಬಿಕೊಳ್ಳಬೇಡಿ. ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ.

ಹೊರಡುವ ಮುನ್ನ ನಿಗದಿತ ಕಲ್ಲು ಅಥವಾ ಮರದ ಬಳಿ ನಿಂತು ಒಂದು ಫೋಟೊ ತೆಗೆಯಿರಿ. ಗುರುತಿಟ್ಟ ಸಸಿಗಳ ಸಂಖ್ಯೆಯನ್ನು ಜಾತಿವಾರು ಬರೆದಿಡಿ. ಹಕ್ಕಿಗಳು ಕೂರುವ ಮರಗಳ ಕೆಳಗೆ ಲಂಟಾನದ ಬೀಜ ಬೀಳುತ್ತಲೇ ಇರುವುದರಿಂದ ಮುಂಗಾರು ಹಿಡಿದ ಕೆಲವು ವಾರಗಳಲ್ಲಿ ಬೆರಳುದ್ದದ ಮೊಳಕೆ ಎದ್ದಿರುತ್ತದೆ. ಆಗ ಅದನ್ನು ಕೀಳಲು ಗುದ್ದಲಿ ಬೇಡ, ಎರಡು ಬೆರಳು ಸಾಕು. ಆ ದಿನ ಯಾರು ಯಾರು ಬರುತ್ತೀರಿ ಎಂಬುದನ್ನು, ಮುಂದಿನ ಎರಡು ಮೂರು ಮಳೆಗಾಲದ ಸರದಿ ಸಮೇತ, ಜನವರಿಯಲ್ಲೇ ಬರೆದು ಒಪ್ಪಿಕೊಂಡು ಮನೆಗೆ ಹೋಗಿ.