ಲೈಕ್ ಒತ್ತಿದ ಮೇಲೆ ಏನು?

ಹೋದ ವರ್ಷ ನನ್ನಿಂದ ಒಂದು ಎಡವಟ್ಟಾಯಿತು. ಹುಬ್ಬಳ್ಳಿಯ ಪರಿಚಯದವರೊಬ್ಬರು ಫೇಸ್‌ಬುಕ್‌ನಲ್ಲಿ ತಾಯಿಯ ಫೋಟೊ ಹಾಕಿದ್ದರು. ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಎರಡು ಸಾಲು ಓದಿ, ‘ಅಮ್ಮನಿಗೆ ಹುಟ್ಟುಹಬ್ಬದ ಶುಭಾಶಯಗಳು’ ಎಂದು ಬರೆದುಬಿಟ್ಟೆ. ಅದು ಆ ತಾಯಿ ತೀರಿಕೊಂಡು ಒಂದು ವರ್ಷವಾದ ದಿನ. ನವನಗರ ದಾಟುವಷ್ಟರಲ್ಲಿ ಯಾರೋ ತಿಳಿಸಿದರು.

ಅಳಿಸಿ ಸುಮ್ಮನಾಗಬಹುದಿತ್ತು. ಆದರೆ ಬಸ್ಸಿಳಿದು ಫೋನ್ ಮಾಡಿದೆ. “ಅವ್ವ ಇದ್ದಿದ್ರ ನಕ್ಕ ಬಿಡ್ತಿದ್ಲು ಬಿಡ್ರಿ ಸರ್” ಎಂದರು. ಆಮೇಲೆ 20 ನಿಮಿಷ ಅವ್ವನದೇ ಮಾತು. ನಾಲ್ಕು ವರ್ಷ ಒಬ್ಬರಿಗೊಬ್ಬರು ಲೈಕ್ ಒತ್ತಿಕೊಂಡು ಬಂದಿದ್ದ ನಾವು ದನಿ ಕೇಳಿದ್ದು ಅವತ್ತೇ ಮೊದಲು.

ಹಾಗಾಗಿ ಲೈಕ್ ಒತ್ತುವ ಪರಿಚಯ ನಿಜವಾದ ಗೆಳೆತನವಾಗಬೇಕಾದರೆ ಮೊದಲ ಹೆಜ್ಜೆ ಇದು: ‘ಇನ್ನಷ್ಟು ನೋಡಿ’ ಎಂಬುದನ್ನು ಒತ್ತಿ, ಪೂರ್ತಿ ಓದಿ. ಓದಲು ಪುರುಸೊತ್ತಿಲ್ಲದಿದ್ದರೆ ಬರೆಯಲೂ ಬೇಡಿ.

ಎರಡನೆಯದು, ಎಲ್ಲರನ್ನೂ ಹಿಡಿಯಲು ಹೋಗಬೇಡಿ. ಫೇಸ್‌ಬುಕ್ 5,000 ಗೆಳೆಯರವರೆಗೆ ಬಿಡುತ್ತದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ 1990ರ ದಶಕದಲ್ಲಿ ಹಾಕಿದ ಲೆಕ್ಕದ ಪ್ರಕಾರ, ಒಬ್ಬ ಮನುಷ್ಯ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150. ತೀರಾ ಹತ್ತಿರದವರು ಐದೇ ಜನ. ಈ ಲೆಕ್ಕ ಒಪ್ಪದವರೂ ಇದ್ದಾರೆ. ನಮ್ಮ ಕಡೆ ಲಗ್ನಪತ್ರಿಕೆ ಹಂಚಿದವರಿಗಂತೂ 150 ಯಾವ ಮೂಲೆಗೂ ಸಾಲದು! ಆದರೂ ಸದ್ಯಕ್ಕೆ ಹತ್ತು ಜನರನ್ನು ಆರಿಸಿಕೊಳ್ಳಿ, ಸಾಕು.

ಈಗ ಮುಖ್ಯವಾದ ಕೆಲಸ: ಪ್ರಶ್ನೆ ಕೇಳುವುದು. ‘ಸೂಪರ್’, ‘ಮಸ್ತ್’ ಎಂದರೆ ‘ಥ್ಯಾಂಕ್ಸ್’ ಬರುತ್ತದೆ, ಮಾತು ಅಲ್ಲಿಗೆ ಮುಗೀತು. ಆ ಒಬ್ಬರೇ ಉತ್ತರಿಸಬಲ್ಲ ಪ್ರಶ್ನೆ ಬೇಕು. ಗದಗ ಕಡೆಯ ಹೆಣ್ಣುಮಗಳೊಬ್ಬರು ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ತಾವು ಹೊಲಿದ ಕೌದಿಯ ಫೋಟೊ ಹಾಕಿದ್ದರು. ಕೆಳಗೆ ಸಾಲುಸಾಲು ಹೂವು, ಚಪ್ಪಾಳೆ. ನಾನು ಕೇಳಿದ್ದು ಇಷ್ಟೇ: ‘ಮೂಲೆಯ ಕೆಂಪು ತುಂಡು ಯಾರ ಸೀರೀದ್ರಿ ಅಕ್ಕಾರ?’ ಅರ್ಧ ತಾಸಿನಲ್ಲಿ ಉದ್ದನೆಯ ಉತ್ತರ ಬಂತು. ಅದು ಅವರ ಅಜ್ಜಿಯ ಇಳಕಲ್ ಸೀರೆ. ಆ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆಯೆಲ್ಲ ಜೀರ್ಣವಾದರೂ ಕೊಂಡಿಯ ಜಾಗ ಗಟ್ಟಿಯಾಗಿತ್ತಂತೆ, ಅದನ್ನೇ ಕತ್ತರಿಸಿ ಮೂಲೆಗೆ ಇಟ್ಟಿದ್ದರು. ಇಂಥ ಉತ್ತರ ಬಂದಾಗ ಬರೀ ಹೆಬ್ಬೆರಳು ಒತ್ತಿ ಓಡಿಹೋಗಬೇಡಿ ಮತ್ತೆ.

ನಿಮ್ಮ ಪೋಸ್ಟುಗಳಲ್ಲೂ ಗೆದ್ದ ಸುದ್ದಿಯೇ ಜಾಸ್ತಿ ಆಗಬಾರದು. ಒಮ್ಮೆ ನಾನು ಬಡಿದ ಜೋಳದ ರೊಟ್ಟಿಯ ಫೋಟೊ ಹಾಕಿದೆ. ಅಂಚೆಲ್ಲ ಒಡೆದು ನಕಾಶೆಯಂತಾಗಿತ್ತು. ಅರ್ಧ ಧಾರವಾಡವೇ ಸಲಹೆ ಕೊಡಲು ಬಂತು. ‘ಎಸರು ಕುದೀಬೇಕ್ರಿ’, ‘ಹಿಟ್ಟು ಹಳೇದಾಗಿ ಜಿಗಿ ಹೋಗೇದ’, ‘ಇನ್ನಷ್ಟು ನಾದ್ರಿ’. ಜೋಳಕ್ಕೆ ಗೋಧಿಯಂಥ ಅಂಟಿಲ್ಲ, ಕುದಿನೀರು ಬಿದ್ದಾಗಲೇ ಹಿಟ್ಟು ಹಿಡಿದುಕೊಳ್ಳುವುದು ಎಂದು ಕಾಲೇಜು ಹುಡುಗನೊಬ್ಬ ತಿಳಿಸಿ ಹೇಳಿದ. ‘ರೊಟ್ಟಿ ಹೆಂಗಾತ್ರಿ ಸರ್?’ ಎಂದು ಈಗಲೂ ಕೇಳುತ್ತಿರುತ್ತಾನೆ.

ಇನ್‌ಬಾಕ್ಸ್‌ಗೆ ಹೋಗುವಾಗ ಸ್ವಲ್ಪ ಹುಷಾರು. ರಾತ್ರಿ ಹತ್ತಕ್ಕೆ ‘ಹಾಯ್’, ‘ಊಟ ಆಯ್ತಾ’ ಬೇಡವೇ ಬೇಡ, ಅದರಲ್ಲೂ ಹೆಣ್ಣುಮಕ್ಕಳಿಗೆ. ಯಾಕೆ ಬರೆಯುತ್ತಿದ್ದೀರಿ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ, ಓದಿದ್ದಾರೆಂಬ ಗುರುತು ನೋಡಿಕೊಂಡು ಕೆದಕಬೇಡಿ. ಗೆಳೆಯರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ, ನಿಮ್ಮಲ್ಲಿರುವ ಹಳೇ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಭೇಟಿ. ಮೊದಲ ಸಲ ಹಗಲಿನಲ್ಲಿ, ನಾಲ್ಕು ಜನ ಓಡಾಡುವ ಕಡೆ ಆಗಲಿ. ಧಾರವಾಡದವರಿಗೆ ಸಾಧನಕೇರಿ ಇದೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ. ಆ ಪರಿಚಯದವರನ್ನು ನಾನು ಕಂಡದ್ದು ಉಣಕಲ್ ಕೆರೆಯ ದಂಡೆಯಲ್ಲೇ. ಮಂಡಕ್ಕಿಯ ಗಿರಮಿಟ್ ತಿನ್ನುತ್ತಾ ಮತ್ತೊಮ್ಮೆ ಕ್ಷಮೆ ಕೇಳಿದೆ. ಅವರು ಮೆಣಸಿನಕಾಯಿ ಕಡಿದು ಹೇಳಿದರು: “ಅವ್ವ ಹುಟ್ಟಿದ ದಿನ ನಮಗ್ಯಾರಿಗೂ ಗೊತ್ತ ಇಲ್ರಿ ಸರ್. ಹೆಂಗೂ ನೀವು ಒಂದ್ ದಿನ ಹೇಳೀರಲ್ಲ, ಅದನ್ನ ಇಟ್ಕೊಂಡ್ರಾತು.”